ಬುಧವಾರ ಉತ್ತರಕ್ಕೆ

ಈ ಬೆಳಿಗ್ಗೆ ಮೆಟ್ರೋದಲ್ಲಿ ನನ್ನ ಅಂಗಿಯ ಗುಂಡಿಯೊಂದು ಕಿತ್ತು ಬಂತು. ಹೊಟ್ಟೆಯ ಮೇಲಿನ ಗುಂಡಿ. ಅಂಗಿಯಲ್ಲಿ ಅಷ್ಟೊಂದು ಗುಂಡಿಗಳಿದ್ದರೂ ನನ್ನ ವಯಸ್ಸಿನವರಿಗೆ ಕಿತ್ತು ಬರುವುದು ಅದೊಂದೇ ಎಂಬುದು ನಿಮ್ಮ ಅನುಭವಕ್ಕೂ ಬಂದಿರಬಹುದು. ಬಂದಿಲ್ಲವಾದರೆ ಸ್ವಲ್ಪ ದಿನ ತಾಳಿ. ನಾನು ಅಮೀರ್‌ಪೇಟ್‌ನ ಒಂದು ಕೋಚಿಂಗ್ ಸೆಂಟರಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಕೂರುವವರಿಗೆ ಪಾಠ ಹೇಳುವವನು. ಅದರಲ್ಲೂ ದಿಕ್ಕಿನ ಲೆಕ್ಕ ನನ್ನ ವಿಶೇಷ. ರಾಮು ಉತ್ತರಕ್ಕೆ ಇಷ್ಟು ನಡೆದ, ಬಲಕ್ಕೆ ತಿರುಗಿ ಅಷ್ಟು ನಡೆದ, ಈಗ ಮನೆಯಿಂದ ಯಾವ ದಿಕ್ಕಿನಲ್ಲಿದ್ದಾನೆ? ಇಷ್ಟು ವರ್ಷ ನಡೆಸಿದರೂ ಆ ರಾಮು ಎಲ್ಲಿಗೂ ಮುಟ್ಟಿಲ್ಲ, ನನ್ನ ಸಂಸಾರ ಮಾತ್ರ ನಡೆದಿದೆ. ಹುಡುಗರಿಗೆ ನಾನು ಹೇಳಿಕೊಡುವ ಮೊದಲ ಸೂತ್ರ ಇದು: ದಿಕ್ಕಿನ ಲೆಕ್ಕದಲ್ಲಿ ಕೊನೆಯ ಉತ್ತರ ‘ಮೇಲಿನ ಎಲ್ಲವೂ’ ಎಂದಿದ್ದರೆ ಯೋಚನೆ ಮಾಡದೆ ಹೊಡೆದು ಹಾಕಿ. ಒಬ್ಬ ಮನುಷ್ಯ ಏಕಕಾಲಕ್ಕೆ ಎಲ್ಲ ದಿಕ್ಕಿನಲ್ಲೂ ಇರಲಾರ.

ಸಂದಿಯಿಂದ ಹೊಟ್ಟೆ ತೋರಿಸುತ್ತ ಇದನ್ನೆಲ್ಲ ಹೇಳಿದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಒಂದು ನಿಲ್ದಾಣ ಮೊದಲೇ, ಬೇಗಂಪೇಟೆಯಲ್ಲಿ ಇಳಿದು ಕಾಕುವಿನ ಮನೆಗೆ ಹೋದೆ. ಕಾಕು ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಹಳೆಯ ವಿಮಾನ ನಿಲ್ದಾಣದ ಗೋಡೆಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ, ಮೂರನೇ ಮಹಡಿಯಲ್ಲಿ ಇದ್ದಾಳೆ. ರೊಟ್ಟಿಗೆ ಹಿಟ್ಟು ನಾದುತ್ತಿದ್ದವಳು ಮೊಣಕೈಯಿಂದಲೇ ಕಪಾಟು ತೋರಿಸಿದಳು.

“ಉಸ್ಮಾನಿಯಾ ಬಿಸ್ಕೀಟಿನ ಡಬ್ಬಿ ಐತಿ ನೋಡು. ಸೂಜಿ ದಾರ ನೀನ ಹುಡಕ್ಕೊ. ನನ್ನ ಕೈ ಹಿಟ್ಟಾಗ್ಯಾವ.”

ಡಬ್ಬಿ ತೆಗೆದೆ. ಬಿಸ್ಕೀಟು ಮುಗಿದು ಎಷ್ಟೋ ವರ್ಷವಾಗಿದ್ದರೂ ಬೆಣ್ಣೆಯ ವಾಸನೆ ಹೋಗಿರಲಿಲ್ಲ, ಅದರ ಜೊತೆಗೆ ಡಾಂಬರು ಗುಳಿಗೆಯ ವಾಸನೆ. ದಾರದ ಉಂಡೆಗಳ ಕೆಳಗೆ, ಬೆಂಕಿಕಡ್ಡಿಗೆ ಸುತ್ತಿಟ್ಟ ಒಂದು ಗೇಣಿಗಿಂತ ತುಸು ಉದ್ದದ ಬಿಳಿಯ ದಾರ ಸಿಕ್ಕಿತು. ಅದರ ಮೇಲೆ ನೀಲಿ ಶಾಯಿಯ ಎರಡು ಗುರುತು. ಒಂದು ಗುರುತು ಬೇಗಂಪೇಟೆ. ಇನ್ನೊಂದು ಕೆನಡಾದ ಉತ್ತರ ತುದಿಯ ಯೆಲ್ಲೋನೈಫ್ ಎಂಬ ಊರು. ಅಂಗಿಯ ವಿಷಯ ಅಲ್ಲಿಗೇ ಮರೆತುಹೋಯಿತು.

ಆ ದಾರ ನಮ್ಮ ಕಾಕಾನದು. ಕಾಕಾ ಉಪ್ಪಲ್‌ನಲ್ಲಿ ಕೇಂದ್ರ ಸರಕಾರದ ನಕ್ಷೆ ಕಚೇರಿಯಲ್ಲಿ ಅಧಿಕಾರಿಯಾಗಿದ್ದರು. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿ ಸರಕಾರಕ್ಕೆ ಒಪ್ಪಿಸುವುದು ಅವರ ಉದ್ಯೋಗ. ನಿವೃತ್ತರಾದ ಮೇಲೆ, ಪ್ರಾಯಶ್ಚಿತ್ತ ಎಂಬಂತೆ, ಕೋಠಿಯ ಹಳೆ ಪುಸ್ತಕದಂಗಡಿಗಳ ಸಂದಿಯಿಂದ ಒಂದು ಗೋಲ ಹೊತ್ತು ತಂದರು. ಬಹಳ ಹಳೆಯ ಗೋಲ. ಸೋವಿಯತ್ ಒಕ್ಕೂಟ ಅದರ ಮೇಲೆ ಇನ್ನೂ ಗಟ್ಟಿಮುಟ್ಟಾಗಿತ್ತು. ತೆಲಂಗಾಣದ ಸುದ್ದಿಯನ್ನಂತೂ ಅಲ್ಲಿ ಯಾರೂ ಎತ್ತಿರಲಿಲ್ಲ. ಹೈದರಾಬಾದಿನ ಮೇಲೆ ಕಾಕಾ ಶಾಯಿಯ ಒಂದು ಚುಕ್ಕೆ ಇಟ್ಟು ಅದಕ್ಕೆ ಬೇಗಂಪೇಟೆ ಎಂದು ಹೆಸರಿಟ್ಟರು. ಆ ಚುಕ್ಕೆಯ ಕೆಳಗೆ ವರಂಗಲ್‌ವರೆಗಿನ ಎಲ್ಲ ಊರುಗಳೂ ಮುಚ್ಚಿಹೋಗಿದ್ದವು.

ರವಿವಾರ ನಾನು ಹೋದೆನೆಂದರೆ ಆಟ ಶುರು. “ಎರಡ ಊರು ಹೇಳಪಾ. ಇಮಾನ ಇಳಿಯೂವಂಥಾವು. ಸಣ್ಣವು ಇರಬೇಕು ನೋಡು.”

ದೊಡ್ಡ ಊರು ಯಾಕೆ ಬೇಡ ಎಂದು ಒಮ್ಮೆ ಕೇಳಿದ್ದೆ. “ದಿಲ್ಲಿಯಿಂದ ಲಂಡನ್ನಿಗೆ ಹೋಗೂ ದಾರಿ ತೋರಸಾಕ ಮಂದಿ ಭಾಳ ಅದಾರ. ಸಣ್ಣ ಊರಿಂದ ಸಣ್ಣ ಊರಿಗೆ ಹೋಗೂ ಅಂವಗ ಯಾರ ಅದಾರ?” ಅಂದರು. ಹಾಗೆ ಹೋಗುವವನು ಲೋಕದಲ್ಲಿ ಒಬ್ಬನೂ ಇರಲಿಲ್ಲ ಎಂಬುದು ಅವರಿಗೆ ತೊಂದರೆ ಅನ್ನಿಸಲಿಲ್ಲ. ನಾನು ಬೀದರ್ ಅನ್ನುತ್ತಿದ್ದೆ. ಅಟ್ಲಾಸ್ ತಿರುವಿ ಐಸ್‌ಲ್ಯಾಂಡಿನ ಯಾವುದಾದರೂ ಮೂಲೆಯ ಊರು ಅನ್ನುತ್ತಿದ್ದೆ. ಕಾಕಾ ದಾರದ ಒಂದು ತುದಿಯನ್ನು ಹೆಬ್ಬೆರಳಿನಿಂದ ಬೀದರ್ ಮೇಲೆ ಒತ್ತಿ, ಇನ್ನೊಂದು ತುದಿಯನ್ನು ಐಸ್‌ಲ್ಯಾಂಡಿನ ಮೇಲೆ ಹಿಡಿದು ಜಗ್ಗುವರು. ಸಡಿಲವಿದ್ದಾಗ ಎಲ್ಲೆಲ್ಲೋ ಬಿದ್ದಿರುತ್ತಿದ್ದ ದಾರ, ಜಗ್ಗಿದ ಕೂಡಲೇ ಗೋಲದ ಮೇಲೆ ಸರಕ್ಕನೆ ಜಾರಿ, ನಾವು ಯಾರೂ ನೆನೆಸದ ದೇಶಗಳ ಮೇಲೆ ಹಾದು ಬಿಗಿಯಾಗಿ ನಿಲ್ಲುತ್ತಿತ್ತು. ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಅದೇ ದಾರಿ ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ. ಗೋಲದ ಮೇಲೆ ಅದಕ್ಕಿಂತ ನೇರವಾದ ದಾರಿ ಇಲ್ಲ.

“ದಾರಕ್ಕ ಸುಳ್ಳ ಹೇಳಾಕ ಬರೂದಿಲ್ಲ. ಜಗ್ಗಿ ಹಿಡದ್ರ ಹತ್ತರದ ದಾರಿಗೇ ಬಂದು ನಿಲ್ಲತೈತಿ,” ಅನ್ನುವರು. ಮೊದಮೊದಲು ಉಣ್ಣೆಯ ದಾರ ಉಪಯೋಗಿಸಿದ್ದರು. ಅದು ಹಿಗ್ಗುತ್ತಿತ್ತು, ಐಸ್‌ಲ್ಯಾಂಡು ವಾರಕ್ಕೊಂದು ದೂರದಲ್ಲಿರುತ್ತಿತ್ತು. ಆಮೇಲೆ ಕಾಕು ಮಲ್ಲಿಗೆ ಕಟ್ಟುವ ದಾರಕ್ಕೆ ಕೈ ಹಾಕಿದರು. ದೇವರ ಹೂವಿನ ದಾರ ಹಿಡಿದು ಊರೂರು ಅಲೆಯುವ ಗಂಡನನ್ನು ಕಾಕು ಸಹಿಸಿಕೊಂಡಿದ್ದಳು. ಯಾಕೆಂದರೆ ಆ ಹೊತ್ತಿನಲ್ಲಾದರೂ ಅವರು ಅಡುಗೆಮನೆಗೆ ಬರುತ್ತಿರಲಿಲ್ಲ.

ಇನ್ನು ಬೇಗಂಪೇಟೆಯ ಮಾತು. ದೊಡ್ಡ ವಿಮಾನಗಳೆಲ್ಲ ಶಂಷಾಬಾದಿನ ಹೊಸ ನಿಲ್ದಾಣಕ್ಕೆ ಹೋಗುವ ಮೊದಲು ಆ ಮನೆಯಲ್ಲಿ ಮಾತು ಅರ್ಧಕ್ಕೆ ನಿಲ್ಲಿಸಿ, ವಿಮಾನ ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುವ ಪದ್ಧತಿ ಇತ್ತು. ಗಂಡ ಹೆಂಡಿರ ಎಷ್ಟೋ ಜಗಳಗಳು ಹಾಗೆ ನಡುವೆ ತಣ್ಣಗಾಗುತ್ತಿದ್ದವು. ಆಮೇಲೆ ನಿಲ್ದಾಣ ಸುಮ್ಮನಾಯಿತು. ಆಗೊಮ್ಮೆ ಈಗೊಮ್ಮೆ ಒಬ್ಬ ಮಂತ್ರಿ ಇಳಿಯುತ್ತಾರೆ, ಅಷ್ಟೆ. ಕಾಕಾನ ಲೆಕ್ಕದಲ್ಲಿ ಅದೂ ಸಣ್ಣ ಊರಿನ ನಿಲ್ದಾಣವಾಯಿತು. ಆದ್ದರಿಂದ ಅವರ ಪ್ರೀತಿಗೆ ಅರ್ಹವಾಯಿತು.

ಕಾಕುವಿಗೆ ಒಬ್ಬಳೇ ಅಕ್ಕ, ಪದ್ದಕ್ಕ. ಆಕೆಯ ಗಂಡ ರಾಯಚೂರು ಸೀಮೆಯ ಚಿನ್ನದ ಗಣಿಯಲ್ಲಿ ಎಂಜಿನಿಯರ್ ಆಗಿದ್ದವರು. ಚಿನ್ನವನ್ನೇ ಹಿಂಬಾಲಿಸಿ ಯೆಲ್ಲೋನೈಫಿಗೆ ಹೋದರು. ಅಲ್ಲಿಯ ಚಿನ್ನ ಮುಗಿಯಿತು, ಯಜಮಾನರೂ ತೀರಿಕೊಂಡರು, ಪದ್ದಕ್ಕ ಮಾತ್ರ ಆ ಹಿಮದಲ್ಲಿ ಉಳಿದುಕೊಂಡಳು. ಅಕ್ಕತಂಗಿಯರು ಮುಖ ನೋಡದೆ ಬಹಳ ವರ್ಷಗಳಾಗಿದ್ದವು. ಹೀಗಿರುವಾಗ ಒಂದು ದಿನ ಪದ್ದಕ್ಕನ ಫೋನು ಬಂತು: ಎದೆಯ ಆಪರೇಶನ್ ಆಗಬೇಕು, ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರಕ್ಕೆ ಗೊತ್ತಾಗಿದೆ. “ಇಂದೂ, ಅವರು ನನ್ನ ಒಳಗ ಕರಕೊಂಡು ಹೋಗೂ ಮುಂಚೆ ನಿನ್ನ ಮಾರಿ ನೋಡಬೇಕವಾ,” ಎಂದಳಂತೆ. ಇಂದು ಎಂದರೆ ನಮ್ಮ ಕಾಕು. ವೀಸಾ ಹಿಂದೊಮ್ಮೆ ಮಾಡಿಸಿಟ್ಟಿದ್ದು ಕೈಯಲ್ಲಿತ್ತು. ಅದಕ್ಕೆ ಮುಂಚೆ ಸಿಕ್ಕಿದ್ದು ಬುಧವಾರದ ಟಿಕೇಟು ಒಂದೇ. ಮೊದಲು ದುಬೈ, ಅಲ್ಲಿಂದ ಕೆನಡಾ, ಅಲ್ಲಿ ಮತ್ತೆ ಸಣ್ಣ ವಿಮಾನ.

ಕಾಕು ಪಂಚಾಂಗ ತೆಗೆದು ನೋಡಿದಳು. ನಿಮ್ಮ ಮನೆಯಲ್ಲೂ ಹಿರಿಯರು ವಾರಶೂಲ ನೋಡುತ್ತಿದ್ದರೆ ನಾನು ಹೇಳಬೇಕಾಗಿಲ್ಲ, ಇಲ್ಲದವರಿಗೆ ಹೇಳುತ್ತೇನೆ. ಒಂದೊಂದು ವಾರ ಒಂದೊಂದು ದಿಕ್ಕಿಗೆ ಪ್ರಯಾಣ ನಿಷಿದ್ಧ. ಹೋದರೆ ಕೆಲಸ ಕೆಡುತ್ತದೆ. ಸೋಮವಾರ, ಶನಿವಾರ ಪೂರ್ವಕ್ಕೆ ಹೋಗಬಾರದು. ಶುಕ್ರವಾರ, ರವಿವಾರ ಪಶ್ಚಿಮಕ್ಕೆ ಹೋಗಬಾರದು. ಮಂಗಳವಾರ, ಬುಧವಾರ ಉತ್ತರಕ್ಕೆ ಹೋಗಬಾರದು. ಕೆನಡಾ ಎಂದರೆ ಅಮೆರಿಕದ ಕಡೆ, ಅಮೆರಿಕ ಎಂದರೆ ಪಶ್ಚಿಮ; ಗೋಡೆಯ ನಕ್ಷೆಯಲ್ಲಿ ಎಡಗಡೆಯ ತುದಿ. ಬುಧವಾರ ಪಶ್ಚಿಮಕ್ಕೆ ಯಾವ ಅಡ್ಡಿಯೂ ಇಲ್ಲ. ಕಾಕು ನೆಮ್ಮದಿಯಿಂದ ಶೇಂಗಾ ಚಟ್ನಿ ಕುಟ್ಟಿದಳು, ಚೀಲ ಕಟ್ಟಿದಳು. ಶನಿವಾರ ಸಂಜೆ ಚಹಾ ಕುಡಿಯುವಾಗ, ಮದುವೆಯಾದಾಗಿನಿಂದ ಕೇಳದ ಒಂದು ಮಾತು ಕೇಳಿದಳು.

“ಏನ್ರಿ, ಪದ್ದಕ್ಕನ ಊರು ನಿಮ್ಮ ಗೋಲದಾಗ ಎಲ್ಲಿ ಬರತೈತಿ, ತೋರಸ್ರಿ.”

ನಾನು ಅಲ್ಲೇ ಇದ್ದೆ. ಕಾಕಾನ ಮುಖ ಹೇಗೆ ಅರಳಿತೆಂದರೆ, ಚಹಾ ಅರ್ಧಕ್ಕೇ ಬಿಟ್ಟರು. ಗೋಲ ಒರೆಸಿದರು, ಹೊಸ ದಾರ ಕತ್ತರಿಸಿದರು, ಬೇಗಂಪೇಟೆಯ ಮೇಲೆ ಹೆಬ್ಬೆರಳು, ಯೆಲ್ಲೋನೈಫ್ ಮೇಲೆ ತೋರುಬೆರಳು. ಜಗ್ಗಿದರು. ದಾರ ಜಾರಿತು. ದುಬೈ, ಯುರೋಪ್ ಯಾವುದನ್ನೂ ಅದು ಮುಟ್ಟಲಿಲ್ಲ. ಬೇಗಂಪೇಟೆಯಿಂದ ಸೆಟೆದು ಮೇಲಕ್ಕೆ ಹೊರಟು, ಹಿಮಾಲಯ ದಾಟಿ, ಸೈಬೀರಿಯಾ ದಾಟಿ, ಧ್ರುವದ ಬದಿಯಿಂದ ಹಾಯ್ದು ಆಚೆ ಕಡೆ ಇಳಿಯಿತು. ಕಾಕಾ ಎರಡು ಕಡೆ ಶಾಯಿಯ ಗುರುತು ಹಾಕಿದರು.

“ನೋಡು ಇಂದೂ. ಮಂದಿ ಪಶ್ಚಿಮ ಅಂತಾರ. ನಿಮ್ಮಕ್ಕ ನಮಗ ಸೀದಾ ಉತ್ತರಕ್ಕ ಅದಾಳ.”

ಕಾಕು ಕಪ್ಪು ಕೆಳಗಿಟ್ಟಳು. “ಉತ್ತರಕ್ಕ?”

“ಹೂಂ. ಒಂದ ಚೂರು ಪೂರ್ವಕ್ಕ ವಾಲೇತಿ, ಅದು ಬಿಡು.”

“ಬುಧವಾರ ಉತ್ತರಕ್ಕ ಹೋಗಬಾರದ್ರಿ.”

ಕಾಕಾ ದಾರದ ತುದಿ ಹಿಡಿದುಕೊಂಡೇ ಕೂತಿದ್ದರು. ನಾನು ದಿಕ್ಕಿನ ಲೆಕ್ಕ ಕಲಿಸುವವನಲ್ಲವೇ, ಮಧ್ಯೆ ಬಾಯಿ ಹಾಕಿದೆ. ವಿಮಾನ ಮೊದಲು ದುಬೈಗೆ ಹೋಗುತ್ತದೆ, ದುಬೈ ಪಶ್ಚಿಮಕ್ಕೇ ಇದೆ ಎಂದೆ. ಕಾಕು ನನ್ನನ್ನು ಕನಿಕರದಿಂದ ನೋಡಿದಳು.

“ನಾವು ರಾಯಚೂರಿಗೆ ಹೋಗಬೇಕಂದ್ರ ಸಿಕಂದರಾಬಾದ್ ಟೇಶನ್ನಿಗೆ ಹೋಗಿ ಗಾಡಿ ಹತ್ತತೀವಿ. ಟೇಶನ್ ಪೂರ್ವಕ್ಕ ಐತಿ. ಅದಕ್ಕ ಸೋಮವಾರ ರಾಯಚೂರಿಗೆ ಹೋಗೂದು ಬಿಟ್ಟೀವೇನು? ಗಾಡಿ ಎಲ್ಲಿ ಹತ್ತತೀವಿ ಅಲ್ಲೊ ತಮ್ಮಾ, ಊರು ಎಲ್ಲೈತಿ ಅನ್ನೂದು ಲೆಕ್ಕ.”

ಬೆಲ್ಲ ತಿಂದು ಹೊರಟರೆ ಶೂಲದೋಷ ಹೋಗುತ್ತದಂತಲ್ಲ ಎಂದೆ. “ಬೆಲ್ಲಾ ತಿಂದು ಊರ ಒಳಗ ಅಡ್ಡ್ಯಾಡಬಹುದು. ಅಷ್ಟ ದೂರಕ್ಕ ಎಷ್ಟ ಬೆಲ್ಲಾ ತಿನ್ನಲಿ? ನನಗ ಶುಗರ್ ಐತಿ,” ಅಂದಳು. ಆಮೇಲೆ ಅವಳ ದನಿ ಸಣ್ಣದಾಯಿತು. “ನನಗ ಏನರ ಆಗವಲ್ದು, ನಾ ಅದಕ್ಕ ಅಂಜೂದಿಲ್ಲ. ಆಕಿ ಎದಿ ಕೊಯ್ಯತಾರ. ಅದ ಕೆಲಸಕ್ಕ ನಾ ಹೊಂಟೀನಿ. ಶೂಲ ಕಟಗೊಂಡು ಹೋಗಿ ಆಕಿ ಮುಂದ ನಿಂದರಲ್ಯಾ?” ಕಾಕಾನ ಕಡೆ ತಿರುಗಿ ಸಿಟ್ಟಿನಿಂದ ಕೇಳಿದಳು: “ಯಾವ ವಾರ ಹೋದ್ರೂ ನಡಿಯೂವಂಥಾ ಊರು ನಿಮ್ಮ ಗೋಲದಾಗ ಒಂದರ ಐತೇನ್ರಿ?”

ಕಾಕಾ ಇಂಥ ಮಾತುಗಳನ್ನೂ ಪ್ರಶ್ನೆ ಎಂದೇ ತಿಳಿಯುವವರು. ಗೋಲ ತಿರುಗಿಸಿ, ನಮ್ಮ ಕಾಲಿನ ಕೆಳಗೆ ಭೂಮಿಯ ಆಚೆ ಬದಿ ಹುಡುಕಿದರು. ಬೆರಳಿಟ್ಟಿದ್ದು ಒಂದು ದೊಡ್ಡ ನೀಲಿಯ ನಡುವೆ. ಉದ್ದನೆಯ ಇನ್ನೊಂದು ದಾರ ತೆಗೆದುಕೊಂಡು ಬೇಗಂಪೇಟೆಯಿಂದ ಅಲ್ಲಿಗೆ ಉತ್ತರದಿಂದ ಜಗ್ಗಿ ತೋರಿಸಿದರು, ಪಶ್ಚಿಮದಿಂದ ತೋರಿಸಿದರು, ದಕ್ಷಿಣದಿಂದ, ಪೂರ್ವದಿಂದ. ದಾರ ಎಲ್ಲಿಟ್ಟರೆ ಅಲ್ಲೇ ನಿಂತಿತು.

“ಇದೊಂದ ಜಾಗಾ ಐತಿ. ಎತ್ತಾಗ ಹೊಂಟ್ರೂ ನೇರ ದಾರೀನ, ಎಲ್ಲಾ ದಾರಿನೂ ಅಷ್ಟ ದೂರ. ಯಾವ ವಾರಾನೂ ಅಡ್ಡಿ ಇಲ್ಲ.”

“ಅಲ್ಲಿ ಏನೈತಿ?”

“ನೀರು.”

“ಯಾರೂ ಇಲ್ಲದಲ್ಲಿ ಹೋಗಿ ನಾ ಏನ ಮಾಡ್ಲಿರಿ?” ಅಂದು ಕಾಕು ಎದ್ದು ಒಳಗೆ ಹೋದಳು. ಕಟ್ಟಿದ ಚೀಲದಿಂದ ಶೇಂಗಾ ಚಟ್ನಿಯ ಡಬ್ಬಿ ಹೊರಗೆ ಬಂದದ್ದು ನಮಗೆ ಕೇಳಿಸಿತು.

ನಾನು ಕಾಕಾನನ್ನು ಬಾಲ್ಕನಿಗೆ ಕರೆದುಕೊಂಡು ಹೋದೆ. ಗೋಲ ಹಳೆಯದು, ದಾರ ಜಾರಿತು, ನೋಡಿದ್ದು ತಪ್ಪಾಯಿತು, ಅವಳ ಅಕ್ಕನ ಊರು ಪಶ್ಚಿಮಕ್ಕೇ ಇದೆ ಎಂದು ಒಂದು ಮಾತು ಅಂದುಬಿಡಿ ಎಂದು ಕೈ ಮುಗಿದು ಕೇಳಿದೆ. ಕಾಕಾ ಕಬ್ಬಿಣದ ಕಂಬಿ ಹಿಡಿದುಕೊಂಡು ರನ್‌ವೇಯ ಹುಲ್ಲನ್ನೇ ನೋಡುತ್ತಿದ್ದರು. ಆ ಬಾಲ್ಕನಿ ಇರುವುದು ಉತ್ತರಕ್ಕೆ.

“ಅನಬಹುದಪಾ. ಪಂಚಾಂಗ ನಾ ನಂಬೂದಿಲ್ಲ, ಹಂಗಾಗಿ ಸುಳ್ಳ ಹೇಳಿದ್ರೂ ನನಗೇನ ಆಗೂದಿಲ್ಲ. ಆದ್ರ ಇಂದೂ ನನ್ನ ಬಿಟ್ಟು ಒಬ್ಬಾಕಿನ ಎಂದರ ಹೋಗ್ಯಾಳೇನು? ಆಕಿ ಹೋದ ಮ್ಯಾಲೆ ನಾ ಸಂಜೀಕ ಇಲ್ಲೇ ಕುರ್ಚಿ ಹಾಕ್ಕೊಂಡು ಕುಂದ್ರಾಂವ. ಈಗ ಪಶ್ಚಿಮ ಅಂತ ಅಂದುಬಿಟ್ರ, ಆಮ್ಯಾಲೆ ನಾ ಯಾವ ಕಡಿ ಮಾರಿ ಮಾಡಿ ಕುಂದ್ರಲಿ?”

ನಾನು ಸ್ಕೂಟರಿನ ಕೀಲಿ ತೆಗೆದುಕೊಂಡು ಮನೆಗೆ ಹೊರಟೆ.

ಮರುದಿನ ಹೊತ್ತು ಏರುವ ಮುಂಚೆ ಕಾಕಾ ಫೋನು ಮಾಡಿದರು. “ಪ್ರಸ್ಥಾನ ಇಡತಾರಲ್ಲ, ಅದು ಹೆಂಗ?” ಎಂದು ಕೇಳಿದರು. ಪ್ರಯಾಣದ ದಿನ ಒಳ್ಳೆಯದಲ್ಲವೆಂದರೆ, ಅದಕ್ಕಿಂತ ಮುಂಚೆ ಒಳ್ಳೆಯ ದಿನ ನೋಡಿ, ಹೋಗಬೇಕಾದ ದಿಕ್ಕಿನ ಒಂದು ಮನೆಯಲ್ಲಿ ತಮ್ಮ ಬಟ್ಟೆಯ ಗಂಟು, ತೆಂಗಿನಕಾಯಿ ಇಟ್ಟು ಬರುವುದು ಪದ್ಧತಿ. ಅಲ್ಲಿಗೆ ಪ್ರಯಾಣ ಶುರುವಾದಂತೆ. ಹೊರಡುವ ದಿನ ಅದನ್ನು ಎತ್ತಿಕೊಂಡು ಮುಂದೆ ಹೋದರಾಯಿತು. ಸೋಮವಾರ ಉತ್ತರಕ್ಕೆ ಅಡ್ಡಿಯಿಲ್ಲ. ಕಾಕು ಒಪ್ಪಿದಳು, ಆದರೆ ಸೋಮವಾರ ಪೂರ್ವಕ್ಕೆ ಶೂಲವಿದೆ, ಮನೆ ಚೊಕ್ಕ ಉತ್ತರಕ್ಕೇ ಇರಬೇಕು ಎಂದಳು. ಪಂಚಾಂಗ ನಂಬದ ಕಾಕಾನಿಗೆ ಅದು ಇನ್ನೂ ಸುಲಭವಾಯಿತು, ಅಳತೆಯ ಕೆಲಸವಾಯಿತಲ್ಲ.

ರನ್‌ವೇಯ ಆಚೆ ಬೋಯಿನಪಲ್ಲಿಯಲ್ಲಿ ಕಾಕಾನ ಹಳೆಯ ಸಹೋದ್ಯೋಗಿ ಒಬ್ಬರ ಮನೆ ಇತ್ತು. ಕಾಕಾ ನಗರದ ನಕ್ಷೆ ಹಾಸಿ ಅಳತೆಪಟ್ಟಿ ಇಟ್ಟು ನೋಡಿ, ಆ ಮನೆ ಪೂರ್ವಕ್ಕೆ ವಾಲಿದೆ ಎಂದು ತಳ್ಳಿಹಾಕಿದರು. ಚೊಕ್ಕ ಉತ್ತರಕ್ಕೆ ಬಂದದ್ದು ಗುರುತು ಪರಿಚಯವಿಲ್ಲದವರ ಒಂದು ಹಳದಿ ಮನೆ. ಸೋಮವಾರ ನನ್ನ ಸ್ಕೂಟರಿನ ಹಿಂದೆ, ಕಾಕುವಿನ ಇಳಕಲ್ ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕಾಕಾ ಕೂತರು. ಎದುರಿಗೆ ಕಾಣುವ ಜಾಗವಾದರೂ ನಡುವೆ ವಿಮಾನ ನಿಲ್ದಾಣ. ಸುತ್ತು ಹಾಕಿ ಹೋಗುವಷ್ಟರಲ್ಲಿ ನನ್ನ ಬೆಳಗಿನ ತರಗತಿ ಮುಗಿದುಹೋಗಿತ್ತು. ಹಳದಿ ಮನೆಯ ಬಾಗಿಲು ತೆಗೆದ ಹೆಂಗಸಿನ ಮುಂದೆ ಕಾಕಾ ತಮ್ಮ ಕಚೇರಿಯ ತೆಲುಗಿನಲ್ಲಿ ಅಕ್ಷಾಂಶದಿಂದ ಶುರು ಮಾಡಿದರು. ಆಕೆ ಗಂಟಿನಲ್ಲಿದ್ದ ತೆಂಗಿನಕಾಯಿ ನೋಡಿದಳು.

“ಪ್ರಯಾಣಮಾ ಅಂಡಿ?”

“ಅವುನಮ್ಮಾ. ಮಾ ಆವಿಡ.” ಹೌದಮ್ಮಾ, ನನ್ನ ಹೆಂಡತಿ.

“ಪೆಟ್ಟಂಡಿ, ಪೆಟ್ಟಂಡಿ. ದೇವುಡಿ ದಗ್ಗರ ಪೆಡತಾನು.” ಇಡಿ, ದೇವರ ಹತ್ತಿರ ಇಡುತ್ತೇನೆ ಎಂದು ಗಂಟು ಇಸಿದುಕೊಂಡಳು. ಯಾರು, ಎಲ್ಲಿಗೆ, ಯಾಕೆ ಎಂದು ಕೇಳಲಿಲ್ಲ. ನಮಗೆ ಮಜ್ಜಿಗೆ ಕೊಟ್ಟಳು.

ಬುಧವಾರ ಟ್ಯಾಕ್ಸಿಯವನಿಗೆ ಶಂಷಾಬಾದ್ ಎಂದು ಹೇಳಿ, ಮೊದಲು ಬೋಯಿನಪಲ್ಲಿಗೆ ನಡಿ ಎಂದಾಗ ಅವನು ಎರಡು ಸಲ ಫೋನು ನೋಡಿಕೊಂಡ. ಶಂಷಾಬಾದ್ ಊರಿನ ದಕ್ಷಿಣ ತುದಿಯಲ್ಲಿದೆ. ಕೆನಡಾಕ್ಕೆ ಬೋಯಿನಪಲ್ಲಿಯ ಮೇಲೆ ದಾರಿ ಎಂದು ಕಾಕಾ ಅವನಿಗೆ ತಿಳಿಹೇಳಿದರು. ಕಾಕು ಹಳದಿ ಮನೆಯವಳಿಗೆ ಶೇಂಗಾ ಚಟ್ನಿ ಕೊಟ್ಟು, ಅರಿಶಿನ ಕುಂಕುಮ ತೆಗೆದುಕೊಂಡು, ಗಂಟು ಎತ್ತಿಕೊಂಡಳು. ನಿಲ್ದಾಣದ ಬಾಗಿಲಲ್ಲಿ ಗಂಡನಿಗೆ, “ಹಾಲು ಉಕ್ಕಸಬ್ಯಾಡ್ರಿ,” ಅಂದಳು. ಅಷ್ಟೇ ಮಾತು.

ಅಕ್ಕತಂಗಿಯರು ಭೇಟಿಯಾದರು. ಆಪರೇಶನ್ ಸಸೂತ್ರವಾಯಿತು. ಅದು ಡಾಕ್ಟರರಿಂದ ಎನ್ನುವವರು ಎನ್ನಲಿ, ಹಳದಿ ಮನೆಯಿಂದ ಎನ್ನುವವರು ಎನ್ನಲಿ, ನಾನು ಎರಡು ಕಡೆಯೂ ಸೇರುವುದಿಲ್ಲ. ಕಾಕು ಅಲ್ಲಿ ಇದ್ದಷ್ಟೂ ತಿಂಗಳು ಕಾಕಾ ಸಂಜೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ತುಸು ಪೂರ್ವಕ್ಕೆ ವಾಲಿಸಿ ಹಾಕುತ್ತಿದ್ದರು. ಹಾಲು ದಿನಾ ಉಕ್ಕುತ್ತಿತ್ತು. ಅವರು ವಿಮಾನ ಕಾಯುತ್ತಿದ್ದಾರೆ ಎಂದುಕೊಂಡ ಪಕ್ಕದ ಮನೆಯವರು, ಪಾಪ, ನಿಲ್ದಾಣ ಇಲ್ಲಿಂದ ಹೋಗಿಬಿಟ್ಟಿದೆ ಎಂದು ನನಗೆ ಗುಟ್ಟಾಗಿ ಹೇಳಿದರು.

ಕಾಕಾ ಹೋದ ವರ್ಷ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹದಿಮೂರು ದಿನವೂ ಭಟ್ಟರು ಎಲ್ಲರನ್ನೂ ದಕ್ಷಿಣಕ್ಕೆ ಮುಖ ಮಾಡಿಸಿ ಕೂರಿಸಿದರು. ಹೋದವರ ದಿಕ್ಕು ಅದೇ ಅಂತೆ.

ಇದೆಲ್ಲ ನಿಮಗೆ ಹೇಳುವಷ್ಟು ಹೊತ್ತು ನಾನು ಡಬ್ಬಿ ಹಿಡಿದು ನಿಂತಿದ್ದೆ. ಕಾಕು ಕೈ ತೊಳೆದು ಬಂದು ನನ್ನ ಕೈಯಿಂದ ಆ ದಾರ ಕಸಿದುಕೊಂಡಳು. “ಅದರಾಗ ಗುಂಡಿ ಹಚ್ಚತೀಯೇನ? ಕೊಡು ಇಲ್ಲೆ.” ಕಡ್ಡಿಗೆ ಸರಿಯಾಗಿ ಸುತ್ತಿ ಒಳಗಿಟ್ಟಳು. ಕಪ್ಪು ದಾರ ಪೋಣಿಸಿ ನನ್ನನ್ನು ಬಾಲ್ಕನಿಯ ಬೆಳಕಿಗೆ ನಿಲ್ಲಿಸಿ ಗುಂಡಿ ಹಚ್ಚಿದಳು. ಕಾಕಾನ ಕುರ್ಚಿ ಅಲ್ಲೇ ಇತ್ತು. ನೋಡಿದರೆ ಅದು ಉತ್ತರಕ್ಕೂ ಇರಲಿಲ್ಲ, ದಕ್ಷಿಣಕ್ಕೂ ಇರಲಿಲ್ಲ; ಬಿಸಿಲು ಬೀಳದ ಕಡೆ ಹೇಗೆ ಬೇಕೋ ಹಾಗೆ ತಿರುಗಿತ್ತು.

“ಕಾಕು, ಸಂಜೀಕ ಇಲ್ಲಿ ಕುಂದರತೀಯಂತಲ್ಲ. ಯಾವ ಕಡಿ ಮಾರಿ ಮಾಡಿ ಕುಂದರತಿ?”

ಆಕೆ ಹಲ್ಲಿನಿಂದ ದಾರ ಕಡಿದಳು.

“ಭಟ್ಟರು ದಕ್ಷಿಣ ಅಂದ್ರು. ದಕ್ಷಿಣಕ್ಕ ನೋಡಿದ್ರ ಅಡಗೀಮನಿ ಗ್ವಾಡಿ. ಅವತ್ತ ನಾ ಸಿಟ್ಟಿಲೆ ಕೇಳಿದಾಗ ಒಂದ ಜಾಗಾ ತೋರಿಸಿದ್ರಲ್ಲ ನಿಮ್ಮ ಕಾಕಾ, ಬರೇ ನೀರು? ಅಲ್ಲೇ ಹೋಗಿ ಕುಂತಾರ ಅಂತ ತಿಳಕೊಂಡೀನಿ. ಎತ್ತಾಗ ಕುಂತ್ರೂ ಎದರೀಗೇ ಆಗತೈತಿ.” ನನ್ನ ಅಂಗಿ ಎಳೆದು ಸರಿಮಾಡಿ, “ಯಾವ ವಾರಾನೂ ಅಡ್ಡಿ ಇಲ್ಲ,” ಅಂದಳು.

ತರಗತಿಗೆ ತಡವಾಗಿಯೇ ಹೋದೆ. ಬಿಳಿ ಅಂಗಿಗೆ ಕಪ್ಪು ದಾರದ ಗುಂಡಿ ನೋಡಿ ಮುಂದಿನ ಸಾಲು ನಕ್ಕಿತು. ರಾಮುವನ್ನು ಉತ್ತರಕ್ಕೆ ನಡೆಸಿ, ಬಲಕ್ಕೆ ತಿರುಗಿಸಿ, ಈಗ ಮನೆಯಿಂದ ಯಾವ ದಿಕ್ಕಿನಲ್ಲಿದ್ದಾನೆ ಎಂದು ಬರೆದು ಉತ್ತರಗಳನ್ನು ಕೆಳಗೆ ಕೊಟ್ಟೆ. ಕೊನೆಯದು ಎಂದಿನಂತೆ ‘ಮೇಲಿನ ಎಲ್ಲವೂ’.

“ಲಾಸ್ಟ್‌ದಿ ಕೊಟ್ಟೇಯಾಲಾ ಸರ್?” ಹೊಡೆದು ಹಾಕಬೇಕಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳು. ನನ್ನ ಪಾಠ ಆಕೆಗೆ ಚೆನ್ನಾಗಿ ಬಾಯಿಗೆ ಬಂದಿತ್ತು.

ಹೌದು, ಪರೀಕ್ಷೆಯಲ್ಲಿ ಹೊಡೆಯಲೇಬೇಕು ಎಂದೆ. ಎಲ್ಲರೂ ತಮ್ಮ ತಮ್ಮ ಹಾಳೆಯಲ್ಲಿ ಹೊಡೆದರು. ನಾನು ಹಲಗೆಯ ಮೇಲೆ ಅದನ್ನು ಹಾಗೇ ಬಿಟ್ಟೆ.